ಕೈಲಾಸವನ್ನು ಹೊತ್ತ ಆನೆ ಯಾವುದು?

ವೇರೂಳಿನ (ಎಲ್ಲೋರದ) ಕೈಲಾಸ ದೇಗುಲದ ತಳದಲ್ಲಿ ಆನೆಗಳ ಸಾಲಿದೆ. ಕೆಲವಕ್ಕೆ ಸೊಂಡಿಲು ಮುರಿದಿದೆ, ಕೆಲವು ಸಿಂಹಗಳೊಡನೆ ಸೆಣಸುತ್ತಿವೆ. ‘ಈ ಆನೆಗಳು ದೇಗುಲವನ್ನು ಹೊತ್ತಿವೆ’ ಎನ್ನುತ್ತೇವೆ. ಸರಿ, ಯಾವ ಆನೆ ಹೊತ್ತಿದೆ? ಬೆರಳು ಮಾಡಿ ತೋರಿಸಲು ಹೋದರೆ ಸೋಲುತ್ತೇವೆ. ಒಂದೊಂದೂ ಹೊತ್ತಿಲ್ಲ, ಎಲ್ಲ ಸೇರಿ ಹೊತ್ತಿವೆ. ‘ಈ ಆನೆಗಳು ಕಲ್ಲಿನವು’ ಎಂದರೆ ಮಾತ್ರ ಅದು ಒಂದೊಂದಕ್ಕೂ ಸಲ್ಲುತ್ತದೆ. ಎರಡು ವಾಕ್ಯಗಳ ಕಟ್ಟು ಒಂದೇ, ತರ್ಕ ಬೇರೆ.

ಇಂಥ ಗೊಂದಲಕ್ಕೆ ಎಡೆಯೇ ಇರಬಾರದೆಂದು ಹಟ ಹಿಡಿದು ಕಟ್ಟಿದ ಭಾಷೆಯೊಂದಿದೆ, ಲೋಜ್‌ಬಾನ್. ಅಮೆರಿಕದ ಜೇಮ್ಸ್ ಕುಕ್ ಬ್ರೌನ್ 1955ರಲ್ಲಿ ಆರಂಭಿಸಿದ ಲಾಗ್ಲಾನ್‌ನಿಂದ 1987ರಲ್ಲಿ ಕವಲೊಡೆದದ್ದು. ಅಲ್ಲಿ ‘ಆನೆ’ ಎನ್ನುವ ಮೊದಲೇ ಒಂದು ಪುಟ್ಟ ಪದ ಹಾಕಿ, ಯಾವ ಲೆಕ್ಕದಲ್ಲಿ ಹೇಳುತ್ತಿದ್ದೀರಿ ಎಂದು ತಿಳಿಸಬೇಕು. ಜಾನ್ ಕೋವನ್ ಬರೆದ 1997ರ ವ್ಯಾಕರಣದ ಪ್ರಕಾರ ‘ಲೋ’ ಎಂದರೆ ಬಿಡಿ ಆನೆಗಳು, ‘ಲೊಯ್’ ಎಂದರೆ ಒಟ್ಟು ಸೇರಿದ ಆನೆಗಳು, ‘ಲೊಹಿ’ ಎಂದರೆ ಆನೆಗಳ ಗಣ. (ಮುಂದೆ ‘ಲೋ’ದ ಬಿಗಿಯನ್ನು ಲೋಜ್‌ಬಾನಿನವರೇ ಸಡಿಲಿಸಿದರು. ತರ್ಕದ ಭಾಷೆಗೂ ತೇಪೆ ತಪ್ಪಿದ್ದಲ್ಲ.)

ಗಣ ಎಂದರೆ ಗಣಿತದವರ ಗಣವೇ. ವೇರೂಳಿನಲ್ಲಿ 34 ಗುಹೆಗಳು. ಯಾವ ಒಂದು ಗುಹೆಯೂ ಎಣಿಕೆಯಲ್ಲಿ 34 ಅಲ್ಲ, ಆ ಸಂಖ್ಯೆ ಗಣಕ್ಕೆ ಸೇರಿದ್ದು. ಆದರೆ ಗಣ ಭಾರ ಹೊರಲಾರದು. ಹೊರುವುದು ಒಟ್ಟಿನ ಕೆಲಸ.

ಕುತೂಹಲ ಇರುವುದು ಈ ಒಟ್ಟಿನಲ್ಲಿ. ಬಿಡಿಗಳಿಗಿಲ್ಲದ ಗುಣ ಒಟ್ಟಿಗೆ ಬರಬಹುದು, ಅದು ಸರಿ. ಬಿಡಿಗಳಿಗಿರುವ ಗುಣವೂ ಒಟ್ಟಿಗೆ ಸಲ್ಲುತ್ತದೆ ಎಂದು ಆ ವ್ಯಾಕರಣ ಒಪ್ಪುತ್ತದೆ. ಹಾಗಾದರೆ ಆನೆಗಳ ಒಟ್ಟಿಗೆ ಸೊಂಡಿಲು ಉಂಟು ಎಂದರೂ ನಿಜ, ಮುರಿದಿದೆ ಎಂದರೂ ನಿಜ! ನನಗಂತೂ ಇದು ಅತಿ ಉದಾರವೆನಿಸುತ್ತದೆ. ಎಲ್ಲದಕ್ಕೂ ಹೂಂಗುಟ್ಟುವ ಪದದಿಂದ ತಿಳಿಯುವುದೇನು?

ಬಿಡಿ ಮತ್ತು ಒಟ್ಟಿನ ಈ ಜಗಳ ನಮ್ಮಲ್ಲಿ ಬಹಳ ಹಳೆಯದು. ನ್ಯಾಯದರ್ಶನದವರಾದ ನೈಯಾಯಿಕರು ಅವಯವಗಳಿಗಿಂತ ಬೇರೆಯಾದ ‘ಅವಯವಿ’ ಎಂಬ ವಸ್ತುವೇ ಇದೆ ಎಂದರು: ಬಟ್ಟೆ ಎಂದರೆ ಬರಿಯ ನೂಲುಗಳಲ್ಲ. ಬೌದ್ಧರು ಒಪ್ಪಲಿಲ್ಲ; ಪಂಡಿತ ಅಶೋಕನೆಂಬುವನು ‘ಅವಯವಿನಿರಾಕರಣ’ ಎಂಬ ಗ್ರಂಥವನ್ನೇ ಬರೆದ. ನ್ಯಾಯಸೂತ್ರದಲ್ಲಿ ಎದುರಾಳಿ ಸೇನೆ ಮತ್ತು ಕಾಡಿನ ಉದಾಹರಣೆ ತರುತ್ತಾನೆ. ದೂರದಿಂದ ಸೇನೆ ಒಂದಾಗಿ ಕಾಣುತ್ತದೆ, ಇರುವುದು ಬಿಡಿ ಸೈನಿಕರು. ಹಾಗೆಯೇ ಮಡಕೆ ಎಂಬುದೂ ಅಣುಗಳ ಗುಂಪು ಅಷ್ಟೇ ಅಲ್ಲವೆ? ನೈಯಾಯಿಕರ ಉತ್ತರ ಚುರುಕಾಗಿದೆ. ಸೈನಿಕ ಹತ್ತಿರ ಬಂದರೆ ಕಾಣುತ್ತಾನೆ, ಅಣು ಎಷ್ಟು ಹತ್ತಿರವಾದರೂ ಕಾಣದು. ಕಾಣದವುಗಳ ಗುಂಪು ಕಾಣುವುದು ಹೇಗೆ? ವೇರೂಳಿನಲ್ಲಿ ಈ ಎರಡು ಪಕ್ಷಗಳೂ ಅಕ್ಕಪಕ್ಕದ ಮನೆಯವರು: 1ರಿಂದ 12 ಬೌದ್ಧ ಗುಹೆಗಳು, 13ರಿಂದ ವೈದಿಕ ಗುಹೆಗಳು, 16ನೆಯದೇ ಕೈಲಾಸ.

ಆದರೆ 8ನೇ ಶತಮಾನದ ಈ ಕೈಲಾಸ ಇಬ್ಬರಿಗೂ ತೊಡಕು. ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದ ಕಲ್ಕುಟಿಗರು ಇದನ್ನು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಲಿಲ್ಲ. ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದರು. ಶಿಖರ ಮೊದಲು, ತಳದ ಆನೆಗಳು ಕೊನೆಗೆ. ಬಿಡಿಗಳು ಸೇರಿ ಇಡಿ ಆಗಲಿಲ್ಲ, ಇಡಿಯಾಗಿದ್ದ ಬಂಡೆಯಿಂದ ಬಿಡಿಗಳು ಹೊರಬಿದ್ದವು. ಕಡಿಯುವ ಮುನ್ನ ಇದ್ದ ಬಂಡೆಯನ್ನು ‘ಎಷ್ಟು’ ಎಂದು ಕೇಳಬಹುದು, ‘ಎಷ್ಟು ಮಂದಿ’ ಎಂಬಂತೆ ಎಣಿಸಲಾಗದು. ನೀರು, ಮಣ್ಣು, ಕಲ್ಲುಗಳ ಜಾತಿಯೇ ಇದು. ಲೋಜ್‌ಬಾನ್ ನೀರಿಗೂ ‘ಲೊಯ್’ ಹಾಕುತ್ತದೆ, ಹೊರೆ ಹೊತ್ತ ಆನೆಗಳಿಗೂ ‘ಲೊಯ್’ ಹಾಕುತ್ತದೆ. ಎಣಿಸಿ ಕೂಡಿಸಿದ ಒಟ್ಟು ಬೇರೆ, ಎಣಿಕೆಗೇ ಸಿಗದ ಒಟ್ಟು ಬೇರೆ. ಅವೆರಡನ್ನೂ ಒಂದೇ ಗೂಟಕ್ಕೆ ಕಟ್ಟಿದ್ದು ಆ ಭಾಷೆಯ ನಿಜವಾದ ದೌರ್ಬಲ್ಯ ಎಂದೇ ನನ್ನ ಎಣಿಕೆ.

ಕೈಲಾಸಕ್ಕೆ ಹೋದವರು ಆನೆಗಳ ಮುಂದೆ ನಿಂತು ಇದನ್ನು ಪರೀಕ್ಷಿಸಿ ನೋಡಬಹುದು. ಮಂಗಳವಾರ ಮಾತ್ರ ಹೋಗಬೇಡಿ, ಅಂದು ಗುಹೆಗಳು ಮುಚ್ಚಿರುತ್ತವೆ. ಈ ಮಾತು ಒಂದೊಂದು ಗುಹೆಗೂ ಸಲ್ಲುತ್ತದೆ.