ಗೆದ್ದವನು ಸೋತ, ಸೋತವನು ಸತ್ತ

ಕೋರ್ಟು ಕಚೇರಿ ಅಲೆದವರೆಲ್ಲ ಒಮ್ಮೆಯಾದರೂ ಆಡುವ ಮಾತಿದು. ಸೋತವನ ಪಾಡನ್ನು ಬಿಡಿಸಿ ಹೇಳಬೇಕಿಲ್ಲ. ಗೆದ್ದವನು ಸೋತದ್ದು ಹೇಗೆ? ವಕೀಲರ ಫೀಸು, ವಾಯಿದೆ ಮೇಲೆ ವಾಯಿದೆ ಎನ್ನುತ್ತೇವೆ. ಅದು ಅರ್ಧ ಉತ್ತರ ಮಾತ್ರ. ಹಣದ ವ್ಯಾಜ್ಯದಲ್ಲಿ ಗೆದ್ದವನು ಸೋಲುವುದು ಎಷ್ಟೋ ಸಲ ಡಿಕ್ರಿ ಕೈಗೆ ಬಂದ ಮೇಲೆ. ಭಾರತದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ನಂತರ ಎಂದು ಪ್ರಿವಿ ಕೌನ್ಸಿಲ್ 1872ರಲ್ಲೇ, ದರ್ಭಂಗಾ ಸಂಸ್ಥಾನದ ಪ್ರಕರಣದಲ್ಲಿ ಹೇಳಿತ್ತು. ಡಿಕ್ರಿಯನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಿ ಎಂದು 2021ರಲ್ಲೂ ಸುಪ್ರೀಂ ಕೋರ್ಟು ಹೇಳಬೇಕಾಯಿತು.

ವಕೀಲರ ಮುಂದೆ ಕೂತ ವ್ಯಾಪಾರಿ ಮೊದಲು ಕೇಳುವುದು "ಕೇಸು ಗೆಲ್ತೀವಾ ಸಾರ್?" ಅಂತ. "ಗೆದ್ದೇ ಗೆಲ್ತೀವಿ" ಅನ್ನುವವರಿಗಿಂತ "ಎದುರಿನವರ ಹತ್ರ ಏನಿದೆ?" ಎಂದು ತಿರುಗಿ ಕೇಳುವ ವಕೀಲರ ಬಳಿ ನಾನಾದರೆ ಹೋಗುತ್ತೇನೆ. ಶೆಡ್ಡು ಸ್ವಂತದ್ದೋ ಬಾಡಿಗೆಯದ್ದೋ? ಯಂತ್ರಗಳ ಮೇಲೆ ಬ್ಯಾಂಕಿನ ಸಾಲ ಎಷ್ಟು? ಡಿಕ್ರಿಯಿಂದ ತಪ್ಪಿಸಿಕೊಳ್ಳಲು ಆಸ್ತಿ ಮಾರಲು ಹೊರಟಿದ್ದರೆ, ತೀರ್ಪಿಗೆ ಮುಂಚೆಯೇ ಜಪ್ತಿಗೆ ಅರ್ಜಿ ಹಾಕಬಹುದು. ಆಮೇಲೆ ನೋಡೋಣ ಅಂದರೆ ನೋಡಲು ಏನೂ ಉಳಿದಿರುವುದಿಲ್ಲ.

ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಒಬ್ಬರನ್ನು ಊಹಿಸಿಕೊಳ್ಳಿ. ಹನ್ನೆರಡು ಲಕ್ಷ ಬಾಕಿ. ಇನ್‌ವಾಯ್ಸ್ ಇದೆ, ಡೆಲಿವರಿ ಚಲನ್ನಿನ ಮೇಲೆ ಸೆಕ್ಯುರಿಟಿಯವನು ಗೀಚಿದ ಸಹಿ, ಸೀಲಿಲ್ಲ. "ಮುಂದಿನ ತಿಂಗಳು ಖಂಡಿತ ಸಾರ್" ಎಂದು ಫೋನಿನಲ್ಲೇ ಎರಡು ವರ್ಷ ಕಳೆದಿದೆ. ದಾವೆ ಹೂಡಲು ಇರುವುದು ಮೂರು ವರ್ಷ, ಬಾಯಿಮಾತು ಅದನ್ನು ಒಂದು ದಿನವೂ ಹಿಗ್ಗಿಸುವುದಿಲ್ಲ. ಅವಧಿಯೊಳಗೆ ಸಹಿ ಹಾಕಿದ ಬಾಕಿ ಒಪ್ಪಿಗೆ ಪತ್ರ ಸಿಕ್ಕರೆ ಆ ದಿನದಿಂದ ಲೆಕ್ಕ ಹೊಸದಾಗಿ ಶುರು. ಈ ಸಣ್ಣ ಕಾಗದ ಬರೆಸಿಕೊಳ್ಳಲು ವಕೀಲರು ಬೇಕಿದ್ದದ್ದು ಜಗಳಕ್ಕೆ ಮುಂಚೆ. ನಮ್ಮವರು ಹೋಗುವುದು ಮಾತು ಬಿಟ್ಟ ಮೇಲೆ!

ಇವರದ್ದು ಉದ್ಯಮ್ ನೋಂದಣಿ ಇರುವ ಸಣ್ಣ ಉದ್ದಿಮೆಯಾಗಿದ್ದರೆ ನೇರ ಕೋರ್ಟಿಗೇ ಹೋಗಬೇಕೆಂದಿಲ್ಲ, ಇಂಥ ಬಾಕಿಯ ದೂರು ಕೇಳುವ ಫೆಸಿಲಿಟೇಶನ್ ಕೌನ್ಸಿಲ್ಲಿಗೆ ಹೋಗಬಹುದು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಖರೀದಿದಾರ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೌನ್ಸಿಲ್ಲಿನ ಆದೇಶವನ್ನು ಪ್ರಶ್ನಿಸಬೇಕೆಂದರೆ ಖರೀದಿದಾರ ಮೊದಲು ಶೇ. 75ರಷ್ಟು ಹಣ ಠೇವಣಿ ಇಡಬೇಕು. ಗೆದ್ದವನು ಸೋಲದಂತೆ ಕಾನೂನೇ ಹಾಕಿಕೊಟ್ಟ ಬೇಲಿ ಇದು.

ಮೂರು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯಗಳಿಗೆ ಪ್ರತ್ಯೇಕ ನ್ಯಾಯಾಲಯಗಳಿವೆ. ತುರ್ತು ಪರಿಹಾರ ಕೇಳದ ದಾವೆಯಾದರೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಖಚಿತಪಡಿಸಿತು. ಅದನ್ನು ಬರೀ ಶಾಸ್ತ್ರಕ್ಕೆ ಮುಗಿಸುವ ವಕೀಲರೂ ಇದ್ದಾರೆ, ಅಲ್ಲೇ ವ್ಯವಹಾರ ಕುದುರಿಸುವವರೂ ಇದ್ದಾರೆ. ಎದುರಿನವನ ಜೊತೆ ನಾಳೆಯೂ ವ್ಯಾಪಾರ ಮಾಡಬೇಕಿದ್ದರೆ ಎರಡನೆಯವರೇ ಬೇಕು.

ಇನ್ನು ಫೀಸು. "ಬಂದ ಹಣದಲ್ಲಿ ಇಷ್ಟು ಪಾಲು" ಎಂಬ ಒಪ್ಪಂದವನ್ನು ಬಾರ್ ಕೌನ್ಸಿಲ್ ನಿಯಮಗಳು ನಿಷೇಧಿಸಿವೆ. ನೋಟಿಸಿಗೆಷ್ಟು, ದಾವೆಗೆಷ್ಟು, ಮೇಲ್ಮನವಿಗೆಷ್ಟು ಎಂದು ಬರಹದಲ್ಲಿ ಪಡೆಯಿರಿ. ಅಮಲ್ಜಾರಿಯ ಫೀಸು ಇದರಲ್ಲೇ ಸೇರಿದೆಯೋ ಬೇರೆಯೋ ಎಂಬುದನ್ನಂತೂ ವಕಾಲತ್ತಿಗೆ ಸಹಿ ಹಾಕುವ ಮುಂಚೆಯೇ ಕೇಳಿ.