ಗಾಜಿನ ಪೆಟ್ಟಿಗೆಯ ಜೇಡವೂ ಅಷ್ಟಮಿಯ ಉಪವಾಸವೂ

ಕಡೂರು, ತರೀಕೆರೆ, ಅಜ್ಜಂಪುರಗಳ ಶ್ರಾವಕ ಬಂಧುಗಳೇ, ಟ್ಯಾರಂಟುಲಾ ಎಂಬ ದೊಡ್ಡ ಜೇಡಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಹವ್ಯಾಸವು ಲೋಕದ ಹಲವೆಡೆ ಹರಡಿದೆ. ಇವುಗಳ ಕೆಲವು ಜಾತಿಗಳು ಪಶ್ಚಿಮಘಟ್ಟದ ಮಣ್ಣಿನಲ್ಲಿಯೇ ಬಿಲ ತೋಡಿ ಬಾಳುತ್ತವೆ. ಬಹು ಚುರುಕಿನ ಜೀವಿ. ಕೆಣಕಿದರೆ ಮುಂಗಾಲುಗಳನ್ನೆತ್ತಿ ವಿಷದ ಹಲ್ಲನ್ನು ತೋರುತ್ತದೆ. ನೋಡಿದವರು ಕೋಪವೆನ್ನುವರು, ಆಗಮದ ಮಾತಿನಲ್ಲಿ ಅದು ಭಯಸಂಜ್ಞೆ.

ಅಂಜಿದ ಜೀವವನ್ನು ವಿನೋದಕ್ಕಾಗಿ ಕೂಡಿಹಾಕುವುದು ಅಹಿಂಸಾಣುವ್ರತದ ಮೊದಲ ಅತಿಚಾರವಾದ ಬಂಧವಲ್ಲದೆ ಮತ್ತೇನು? ಸಂಕಟವು ಅಲ್ಲಿಗೇ ಮುಗಿಯದು. ಈ ಜೇಡವು ಅನ್ನವನ್ನು ಮುಟ್ಟದು. ಅದಕ್ಕೆ ಮಿಡತೆ, ಜಿರಳೆಗಳೇ ಬೇಕು. ಕೊಟ್ಟರೆ ತ್ರಸಹಿಂಸೆ, ಕೊಡದಿದ್ದರೆ ಅನ್ನಪಾನನಿರೋಧವೆಂಬ ಐದನೆಯ ಅತಿಚಾರ. ಚತುರ್ದಶಿಯಂದು ಪ್ರೋಷಧೋಪವಾಸ ಹಿಡಿದವನು ಅದೇ ಕೈಯಿಂದ ಪೆಟ್ಟಿಗೆಯೊಳಗೆ ಜೀವಂತ ಮಿಡತೆಯನ್ನು ಬಿಟ್ಟರೆ ಆ ಉಪವಾಸದಲ್ಲಿ ಉಳಿದುದೇನು? ಪೊರೆ ಕಳಚುವ ಮುನ್ನ ಜೇಡವೂ ವಾರಗಟ್ಟಲೆ ಆಹಾರ ಬಿಡುವುದುಂಟು. ಅದನ್ನು ಉಪವಾಸವೆಂದು ಹೊಗಳುವವರಿದ್ದರೆ ಅದು ತಿಳಿಗೇಡಿತನ, ಸಂಕಲ್ಪವಿಲ್ಲದೆಡೆ ವ್ರತವೆಲ್ಲಿಯದು?

ಅಜ್ಜಂಪುರದಲ್ಲಿ ಅಮೃತಮಹಲ್ ದನಗಳನ್ನು ಸಾಕುವುದಿಲ್ಲವೇ ಎಂದು ಕೇಳಬಹುದು. ಹುಲ್ಲು ಮೇಯುವ ಪಶುವಿನ ಮಾತು ಬೇರೆ. ಬೆಕ್ಕು ಮೊದಲಾದ ಹಿಂಸಕ ಪ್ರಾಣಿಗಳ ಸಾಕಣೆಯನ್ನೇ ಸ್ವಾಮಿ ಕಾರ್ತಿಕೇಯರು ಅನರ್ಥದಂಡದಲ್ಲಿ ಎಣಿಸಿದ್ದಾರೆ. ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಏರುವಾಗ ಇಂತಹ ಬಿಲವು ಕಣ್ಣಿಗೆ ಬಿದ್ದರೆ ಮಕ್ಕಳು ಕಡ್ಡಿ ಚುಚ್ಚದಂತೆ ತಡೆದು, ಮುಂದೆ ಸಾಗುವುದು.