ಹೊತ್ತು ಯಾರದು?

ಓದುವವನಿಗೆ ಬಾಗಿಲು ಹಾಕಿಕೊಳ್ಳುವ ಹಕ್ಕಿದೆಯೆ? ಚಳುವಳಿಯ ಹುಡುಗರು ಕೂಡಿದಲ್ಲೆಲ್ಲ ಈ ಜಗಳ ಇದ್ದದ್ದೇ. ಒಬ್ಬ ಅಂತಾನೆ: 'ಕೇರಿ ಹತ್ತಿ ಉರೀತಿರುವಾಗ ಪುಸ್ತಕ ಹಿಡ್ಕಂಡು ಕೂತಿದ್ದೀಯಲ್ಲ, ನಾಚಿಕೆ ಆಗಲ್ವ?' ಇನ್ನೊಬ್ಬ ತಿರುಗಿ ಕೇಳ್ತಾನೆ: 'ಓದದೆ ಬೀದಿಗಿಳಿದು ನೀನೇನು ಕಡಿದು ಕಟ್ಟೆ ಹಾಕಿದೆ?' ಇಬ್ಬರ ಮಾತಲ್ಲೂ ಸತ್ಯವಿದೆ. ಆದರೆ ಬಾಗಿಲು ಹಾಕಿಕೊಳ್ಳಬೇಕಾದರೆ ಮೊದಲು ಬಾಗಿಲಿರಬೇಕಲ್ಲ, ಅದನ್ನು ಇಬ್ಬರೂ ಮರೆತಿದ್ದಾರೆ.

ಏಕಾಗ್ರತೆ ಎಂಬುದು ಮನಸ್ಸಿನ ಗುಣ, ಸಂಸ್ಕಾರದಿಂದ ಬರುವಂಥದು ಎಂದು ಪುರೋಹಿತಶಾಹಿ ನಮಗೆ ಹೇಳಿಕೊಂಡು ಬಂದಿದೆ. ಅಗ್ರಹಾರಗಳ ದಾನಶಾಸನ ತೆಗೆದು ನೋಡಿ. ವೇದ ಓದುವವರಿಗೆ ಭೂಮಿ, ಆ ಭೂಮಿಗೆ ತೆರಿಗೆ ಮಾಫಿ. ಉತ್ತವನು ಬೇರೆ, ಬಿತ್ತವನು ಬೇರೆ, ಸತ್ತ ದನ ಹೊತ್ತವನು ಬೇರೆ. ಇವರೆಲ್ಲ ಕಳೆದುಕೊಂಡ ಹೊತ್ತೇ ಅಲ್ಲಿ ಏಕಾಗ್ರತೆಯಾಗಿ ಕೂತಿತ್ತು. ಉತ್ತರಕಾಂಡದ ಶಂಬೂಕ ಯಾರ ದನವನ್ನೂ ಕದ್ದವನಲ್ಲ. ತಪಸ್ಸಿಗೆ ಕೂತ, ಅಷ್ಟೆ. ತಪಸ್ಸು ಅಂದರೆ ಯಾರೂ ಕರೆಯದ, ಯಾರ ಕರೆಗೂ ಓಗೊಡದ ಹೊತ್ತು. ಶೂದ್ರನೊಬ್ಬ ಅದನ್ನು ತನ್ನದೆಂದುಕೊಂಡದ್ದಕ್ಕೆ ತಲೆ ಹೋಯಿತು.

ಬಾಬಾಸಾಹೇಬರು ಹುಡುಗರಾಗಿದ್ದಾಗ ಮುಂಬೈಯ ಪರೇಲಿನ ಚಾಳಿನಲ್ಲಿ ಇಡೀ ಸಂಸಾರಕ್ಕೆ ಇದ್ದದ್ದು ಒಂದೇ ಕೋಣೆ. ಪಾತ್ರೆಪಗಡ, ಹೊಗೆ, ಬೀಸುಕಲ್ಲು ಎಲ್ಲ ಅದರೊಳಗೇ. ತಂದೆ ರಾಮ್‌ಜಿ ಮಗನನ್ನು ಸಂಜೆಯೇ ಮಲಗಿಸಿ ನಡುರಾತ್ರಿ ಎರಡಕ್ಕೆ ಎಬ್ಬಿಸುತ್ತಿದ್ದರು. ಲೋಕ ಮಲಗಿರುವಾಗ ಚಿಮಣಿ ಬೆಳಕಿನಲ್ಲಿ ಓದು. ಹಗಲು ನಮ್ಮದಲ್ಲ ಅಂತ ಆ ತಂದೆಗೆ ಗೊತ್ತಿತ್ತು, ಅದಕ್ಕೇ ಮಗನಿಗೆ ರಾತ್ರಿಯಿಂದ ಮೂರು ಗಂಟೆ ಕಿತ್ತುಕೊಟ್ಟರು. ಮುಂದೆ 1920ರಲ್ಲಿ ಮತ್ತೆ ಲಂಡನ್ನಿಗೆ ಹೋದಾಗ ಬಾಬಾಸಾಹೇಬರು ಬ್ರಿಟಿಷ್ ಮ್ಯೂಸಿಯಂ ವಾಚನಾಲಯದಲ್ಲಿ ಅರೆಹೊಟ್ಟೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಕೂತರು. 1923ರಲ್ಲಿ ಡಿ.ಎಸ್ಸಿ. ಪದವಿ ಬಂತು.

ಇಷ್ಟನ್ನು ನಾವು ಭಾಷಣದಲ್ಲಿ ಹೆಮ್ಮೆಯಿಂದ ಹೇಳ್ತೀವಿ. ರಮಾಬಾಯಿಯ ಲೆಕ್ಕ ಹೇಳೋದಿಲ್ಲ. ಗಂಡ ಗ್ರಂಥಗಳ ನಡುವೆ ಇದ್ದಾಗ ಆ ತಾಯಿ ಬೆರಣಿ ತಟ್ಟಿ ಮನೆ ನಡೆಸಿದರು. ಹೆತ್ತ ಐದು ಮಕ್ಕಳಲ್ಲಿ ನಾಲ್ಕನ್ನು ಮಣ್ಣಿಗೆ ಕೊಟ್ಟರು, 1935ರಲ್ಲಿ ತಾವೂ ಹೋದರು. ಬಾಬಾಸಾಹೇಬರು ಈ ಸಾಲವನ್ನು ಮರೆತವರಲ್ಲ. ಪಾಕಿಸ್ತಾನದ ಪ್ರಶ್ನೆ ಕುರಿತು ತಾವು ಬರೆದ ಪುಸ್ತಕವನ್ನು ಆಕೆಗೆ ಅರ್ಪಿಸಿದ್ದಾರೆ. ಆದರೂ ಪ್ರಶ್ನೆ ಉಳಿಯುತ್ತದೆ. ವಿಮೋಚನೆಯ ಓದಿಗೂ ಒಬ್ಬ ಹೆಣ್ಣಿನ ಹೊತ್ತೇ ಬೆಲೆಯಾಗಬೇಕೆ?

ಹೊತ್ತನ್ನು ಕಾನೂನಿನಲ್ಲಿ ಗೆದ್ದುಕೊಳ್ಳಬಹುದು ಎಂಬುದನ್ನೂ ಅವರೇ ತೋರಿಸಿದರು. ಅವರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ 1946ರಲ್ಲಿ ಕಾರ್ಖಾನೆಯ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ಉಳಿದ ಆರು ಗಂಟೆಯನ್ನು ಯಾವ ಧಣಿಯೂ ದಾನ ಕೊಟ್ಟದ್ದಲ್ಲ. ನಮ್ಮ ಕರ್ನಾಟಕ 2023ರಲ್ಲಿ ತಿದ್ದುಪಡಿ ತಂದು ದಿನಕ್ಕೆ 12 ಗಂಟೆವರೆಗೂ ದುಡಿಸಿಕೊಳ್ಳಬಹುದು ಅಂದಿತು. ವಾರದ 48 ಹಾಗೇ ಇದೆ, ಕಾರ್ಮಿಕನ ಒಪ್ಪಿಗೆ ಬೇಕು, ಅಂತ ಸಮಾಧಾನವನ್ನೂ ಹೇಳಿತು. ಹೊಟ್ಟೆಪಾಡಿನವನ ಒಪ್ಪಿಗೆ ಎಂಥದು ಅಂತ ನಮ್ಮನ್ನು ಕೇಳಿ.

ಈಗ ಕೈಯಲ್ಲಿ ಫೋನಿದೆ. 'ಮನಸ್ಸು ಗಟ್ಟಿ ಮಾಡ್ಕಂಡು ಅದನ್ನ ಆಫ್ ಮಾಡ್ರಿ' ಅನ್ನುವ ಉಪದೇಶಕ್ಕೆ ಬರವಿಲ್ಲ. ಮನೆಮನೆಗೆ ಊಟ ಹೊತ್ತು ತಿರುಗುವ ಹುಡುಗ ಆಫ್ ಮಾಡಿದರೆ ಆ ಹೊತ್ತಿನ ಕೂಲಿ ಹೋಯಿತು. ಹಳ್ಳಿ ಮೇಷ್ಟ್ರ ಪಾಡು ಕೇಳಿ. ಪಾಠದ ಮಧ್ಯೆ ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, 'ಕೂಡಲೇ ಫೋಟೋ ಕಳಿಸಿ' ಅಂತ ವಾಟ್ಸಾಪಿನಲ್ಲಿ ಆದೇಶ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೇ ಕಲಮು ಹೇಳುತ್ತದೆ. ಮೇಷ್ಟ್ರ ಗಮನ ಹರಿದರೆ ಹರಿಯುವುದು ಯಾರ ಮಕ್ಕಳ ಪಾಠ? ಉಳ್ಳವರ ಮಕ್ಕಳು ಟ್ಯೂಷನ್ನಿಗೆ ಹೋಗ್ತಾರೆ. ನಮ್ಮವಕ್ಕೆ ಆ ನಲವತ್ತು ನಿಮಿಷ ಬಿಟ್ಟರೆ ಬೇರೇನಿದೆ?

ಮೊದಲಿನ ಜಗಳಕ್ಕೆ ಬರೋಣ. ನಡುರಾತ್ರಿ ಹಟ್ಟಿಯಲ್ಲಿ ಹೊಡೆದಾಟ ಆಯಿತು ಅಂತ ಫೋನು ಬಂದರೆ ಪುಸ್ತಕ ಮಡಚಿ ಏಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎದ್ದು ಠಾಣೆಗೆ ಹೋಗಿ ಏನು ಹೇಳುತ್ತೀಯ? ದೂರು ಬರೆದುಕೊಳ್ಳದ ಅಧಿಕಾರಿಯೂ ಅಪರಾಧಿಯೇ ಅಂತ 1989ರ ದೌರ್ಜನ್ಯ ತಡೆ ಕಾಯಿದೆಯ 4ನೇ ಕಲಮಿನಲ್ಲಿದೆ. ಇನ್‌ಸ್ಪೆಕ್ಟರ ಮುಖ ನೋಡಿ ಅದನ್ನು ಹೇಳಬೇಕಾದರೆ ಮುಂಚೆ ಎಂದೋ ಒಂದು ದಿನ ಯಾರೂ ಕರೆಯದ ಎರಡು ಗಂಟೆ ನಿನಗೆ ಸಿಕ್ಕಿರಬೇಕು. ಆ ಎರಡು ಗಂಟೆಯನ್ನು ಸ್ವಾರ್ಥ ಅನ್ನುವುದನ್ನು ನಾನು ಒಪ್ಪುವುದಿಲ್ಲ. ದಿನಾ ಇಪ್ಪತ್ತು ಗುಂಪಿನ ಸಂದೇಶಕ್ಕೆ ಹೆಬ್ಬೆರಳು ಎತ್ತುವುದನ್ನೇ ಹೋರಾಟ ಅಂದುಕೊಂಡಿರುವವರೂ ಇದನ್ನು ಯೋಚಿಸಬೇಕು.

ಒಬ್ಬೊಬ್ಬರೇ ಇದನ್ನು ಮಾಡಲಾಗದು. ಊರಿನ ಅಂಬೇಡ್ಕರ್ ಭವನ ಜಯಂತಿ ಮುಗಿದ ಮೇಲೆ ಬೀಗ ಹಾಕಿಯೇ ಇರುತ್ತದಲ್ಲ, ಅದನ್ನು ಸಂಜೆ ಎರಡು ಗಂಟೆ ತೆಗೆಯಿರಿ. ಫೋನುಗಳು ಬಾಗಿಲ ಹತ್ತಿರ ಬುಟ್ಟಿಯಲ್ಲಿರಲಿ. ಪಾಳಿಯ ಮೇಲೆ ಒಬ್ಬ ಅವನ್ನು ಕಾಯಲಿ, ತುರ್ತಿದ್ದರೆ ಕೂಗಲಿ. ಹೆಣ್ಣುಮಕ್ಕಳೂ ಬಂದು ಕೂರಬೇಕು. ಅಂದಮೇಲೆ ಆ ಹೊತ್ತಿಗೆ ಮನೆಯಲ್ಲಿ ಮುದ್ದೆ ತಿರುವುವವರು ಯಾರು? ಮೊದಲ ಸಭೆಯಲ್ಲೇ ಇದನ್ನು ಕೇಳಿಬಿಡಿ. ಗಂಡಸರಲ್ಲಿ ಅರ್ಧ ಜನ ಎದ್ದು ಹೋಗಬಹುದು. ಉಳಿದ ಅರ್ಧದೊಂದಿಗೆ ಶುರು ಮಾಡಿ.